ಕಡೇ ನುಡಿ ಕತ್ತರಿಸಿದವರು ಯಾರು?

ಒಂದು ಹಾಡು ಹಿಡಿದುಕೊಂಡು ಹೋಗಿ, ಇದು ಯಾರದು ಅಂತ ನಮ್ಮ ವಿದ್ವಾಂಸರನ್ನು ಕೇಳಿ ನೋಡಿ. ಕಣ್ಣು ಮುಚ್ಚಿ ಒಂದೇ ಉತ್ತರ ಕೊಡುತ್ತಾರೆ: "ಜನಪದರದು." ಜನಪದರು ಅಂದರೆ ಯಾರು? ಹೆಸರಿಲ್ಲದವರು. ಹೆಸರು ಯಾಕಿಲ್ಲ? "ಅವರಿಗೆ ಹೆಸರಿನ ಹಂಬಲವಿಲ್ಲ, ಅವರು ಮುಗ್ಧರು, ನಿಸ್ವಾರ್ಥಿಗಳು." ಇಷ್ಟು ಹೇಳಿ ಪಂಡಿತರು ಪುಸ್ತಕ ಮುಚ್ಚುತ್ತಾರೆ. ಮುಚ್ಚಿದ ಪುಸ್ತಕದ ರಟ್ಟಿನ ಮೇಲೆ ಸಂಪಾದಕರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ. ಹೆಸರಿನ ಹಂಬಲ ಇಲ್ಲದಿರೋ ಪುಣ್ಯ ಹಾಡಿದವರಿಗೆ ಮಾತ್ರ. ಬರೆದುಕೊಂಡವರಿಗೆ ಅದು ಬೇಡ.

ಇದು ಸುಳ್ಳು, ಗೆಳೆಯರೇ. ನಮ್ಮ ಉತ್ತರ ಕರ್ನಾಟಕದ ಗೀಗೀ ಪದ, ಲಾವಣಿ ಕೇಳಿದವರಿಗೆ ಇದು ಸುಳ್ಳು ಅಂತ ಗೊತ್ತು. ರಾತ್ರಿಯಿಡೀ ಡಪ್ಪು, ತುಂತುಣಿ, ತಾಳ ಹಿಡಿದು ಹಾಡುತ್ತಾರೆ. ಹರದೇಶಿಯವರು ಗಂಡು ಹೆಚ್ಚು ಅಂತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತಾರೆ, ವಾದ ನಡೀತದೆ. ಪದ ಮುಗಿಯುವ ಹೊತ್ತಿಗೆ ಕಡೇ ನುಡಿ ಬರುತ್ತದೆ. ಆ ನುಡಿಯೊಳಗೆ ಊರ ಹೆಸರು, ಗುರುವಿನ ಹೆಸರು, ಪದ ಕಟ್ಟಿದ ಕವಿಯ ಹೆಸರು. ಅದೇ ಅಂಕಿತ. ರಾಮದುರ್ಗ ಸೀಮೆಯ ಹುಲಕುಂದದ ಭೀಮಕವಿ ತನ್ನ ಊರನ್ನು ತನ್ನ ಹೆಸರಿಗೆ ಕಟ್ಟಿಕೊಂಡೇ ಊರೂರು ಮುಟ್ಟಿದ. ಬಸವಣ್ಣನ ವಚನಕ್ಕೆ ಅಂಕಿತ ಇದ್ದರೆ ಅದು ಸಾಹಿತ್ಯ. ಲಾವಣಿಕಾರ ಅಂಕಿತ ಹಾಕಿದರೆ ಅದು ಜನಪದ. ಇದು ಯಾವ ಸೀಮೆಯ ನ್ಯಾಯ?

ಕಡೇ ನುಡಿ ಅಂದರೆ ಹಾಡುಗಾರನ ಉತಾರ. ಹೊಲಕ್ಕೆ ಉತಾರ ಇದ್ದ ಹಾಗೆ ಹಾಡಿಗೆ ಅಂಕಿತ. ಹೊಲ ಇಲ್ಲದವನಿಗೆ ಇದ್ದ ಒಂದೇ ಉತಾರ ಅದು. ಎರಡು ತಾಸಿನ ಪದ ಗ್ರಾಮಫೋನ್ ತಟ್ಟೆಯ ಮೂರು ಮಿನಿಟಿಗೆ ಹಿಡಿಸಲಿಲ್ಲ. ಆಮೇಲೆ ಕ್ಯಾಸೆಟ್ಟು ಬಂತು, ಈಗ ಮೊಬೈಲಿನ ಅರ್ಧ ಮಿನಿಟಿನ ತುಣುಕು ಬಂತು. ಕತ್ತರಿ ಬಿದ್ದರೆ ಮೊದಲು ಬೀಳೋದು ಕಡೇ ನುಡಿಗೆ. ಪಲ್ಲವಿ ಉಳೀತದೆ, ಕವಿ ಹೋಗ್ತಾನೆ. ಕವಿ ಹೋದ ಮೇಲೆ ಹಾಡು ಯಾರಪ್ಪನದೂ ಅಲ್ಲ. ಯಾರದೂ ಅಲ್ಲದ್ದನ್ನು ಉಳ್ಳವರು ಎತ್ತಿಕೊಂಡು ಹೋಗೋದು ಹೊಸದೇನಲ್ಲ. ಗಾಯರಾಣವನ್ನೂ ಹಾಗೇ ಎತ್ತಿಕೊಂಡು ಹೋದರು.

ಈಗ ಶೇಡಬಾಳಕ್ಕೆ ಬರೋಣ. ಕಾಗವಾಡ ತಾಲೂಕಿನ ಈ ಊರು ಮಿರಜ-ಬೆಳಗಾವಿ ರೈಲುದಾರಿಯ ಮೇಲಿದೆ. ಅತ್ತ ಮಿರಜ, ಇತ್ತ ಉಗಾರದ ಸಕ್ಕರೆ ಕಾರಖಾನೆ, ಸುತ್ತ ಕಬ್ಬು. ಜೈನ ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದ್ದು ಈ ಊರಲ್ಲೇ. 2019ರಲ್ಲಿ ದಿಲ್ಲಿಯಲ್ಲಿ ತೀರಿಕೊಳ್ಳುವ ಮೊದಲು ಅವರು ದೇಶದ ಉದ್ದಗಲ ಬರಿಗಾಲಲ್ಲಿ ನಡೆದವರು. ಮುನಿಗಳ ಆ ನಡಿಗೆಗೆ ವಿಹಾರ ಅಂತಾರೆ. ಊರ ಮಂದಿ ಎದುರು ಹೋಗಿ ಕರಕೊಂಡು ಬರ್ತಾರೆ. ತಪಸ್ಸಿಗೆ ಸಲ್ಲುವ ಆ ಗೌರವದ ಬಗ್ಗೆ ತಕರಾರಿಲ್ಲ. ಆದರೆ ಅದೇ ಮಣ್ಣಿನ ದಾರಿಯಲ್ಲಿ ಡಪ್ಪು ಬಗಲಿಗೆ ಹಾಕಿಕೊಂಡು ಊರಿಂದ ಊರಿಗೆ ನಡೆಯೋ ಹಾಡುಗಾರನ ನಡಿಗೆಗೆ ಏನು ಹೆಸರು? ತಿರುಗಾಟ. "ಏನ್ ತಿರಗ್ತಾನೋ, ಮನಿ ಇಲ್ಲ ಮಠ ಇಲ್ಲ." ಹೆಣ್ಣುಮಗಳಾಗಿದ್ದರೆ ಆ ಮಾತು ಇನ್ನೂ ಹೊಲಸಾಗಿ ಬರ್ತದೆ. ಕಾಲು ಅವೇ, ದಾರಿ ಅದೇ. ನಡೆಯೋನ ಕುಲ ನೋಡಿ ನಡಿಗೆಗೆ ಹೆಸರಿಡೋದು ನಮ್ಮ ಸಮಾಜ.

ಅದೇ ರೈಲುದಾರಿಯ ಮಿರಜದಲ್ಲಿ ನೆಲೆ ನಿಂತವರು ಉಸ್ತಾದ್ ಅಬ್ದುಲ್ ಕರೀಂ ಖಾನ್. 1937ರಲ್ಲಿ ಪುದುಚೇರಿಗೆ ಹೊರಟಿದ್ದ ಆ ಮಹಾನ್ ಗಾಯಕ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದು ಅಲ್ಲೇ ಪ್ರಾಣ ಬಿಟ್ಟರು. ಮಿರಜದ ದರ್ಗಾದ ಅಂಗಳದಲ್ಲಿ ಅವರ ಸಮಾಧಿ ಇದೆ, ಅವರ ನೆನಪಿಗೆ ಅಲ್ಲಿ ಸಂಗೀತೋತ್ಸವ ಆಗುತ್ತದೆ. ಆಗಲೇಬೇಕು. ಹಾಡುವವರ ಬದುಕು ಅಂದರೆ ಪ್ರಯಾಣ, ಪ್ರಯಾಣದಲ್ಲೇ ಸಾವು. ಅರಮನೆಯ ಗಾಳಿ ಉಂಡ ಉಸ್ತಾದರಿಗೇ ಪ್ಲಾಟ್‌ಫಾರ್ಮಿನ ಸಾವು ಬಂದರೆ, ಯಾವ ಅರಮನೆಯ ಹೊಸ್ತಿಲೂ ತುಳಿಯದ ಕೇರಿಯ ಹಾಡುಗಾರನ ಗತಿ ಏನು? ಅವನ ಸಮಾಧಿ ಎಲ್ಲಿದೆ ಅಂತ ಅವನ ಊರಿಗೇ ಗೊತ್ತಿರೋದಿಲ್ಲ.

ನಮ್ಮ ಭಾಗದ ಹಾಡುಗಾರನ ವರ್ಷ ಹೇಗೆ ಕಳೀತದೆ ಗೊತ್ತೇನು? ಸುಗ್ಗಿ ಸಾಗಿದಂತೆ ಜಾತ್ರೆಗಳು. ಕೋಕಟನೂರ ಎಲ್ಲಮ್ಮ, ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕ, ಮತ್ತೆ ಸವದತ್ತಿ. ನಡುವೆ ಊರ ದೇವರ ಓಕುಳಿ, ಉರುಸು, ಗಣಪತಿ, ಅಂಬೇಡ್ಕರ್ ಜಯಂತಿ. ಮಳೆ ಹಿಡಿದರೆ ಹಾಡಿಲ್ಲ, ಕಂಡವರ ಹೊಲದಲ್ಲಿ ಕಳೆ. ಒಂದು ಜಾತ್ರೆಯ ಲೆಕ್ಕ ಹಾಕೋಣ. ಕಮಿಟಿಯವರು 10,000 ರೂಪಾಯಿಗೆ ಮಾತಾಡಿದರು ಅಂತ ಹಿಡಿಯಿರಿ. ಗಾಡಿ ಬಾಡಿಗೆ 3,000. ಹಿಮ್ಮೇಳದ ನಾಲ್ವರಿಗೆ ತಲಾ 1,000. ಚಹಾ, ಊಟ, ಡಪ್ಪಿನ ರಿಪೇರಿ 1,000. ಉಳಿದದ್ದು 2,000. ಅದೂ ಬೆಳಗಾದ ಮೇಲೆ "ಅಧ್ಯಕ್ಷರು ಊರಾಗಿಲ್ಲ, ಮುಂದಿನ ವಾರ ಬಾ" ಅನ್ನದೇ ಇದ್ದರೆ. ಈ 2,000 ರಾತ್ರಿಯಿಡೀ ಹರಿದುಕೊಂಡ ಗಂಟಲಿನ ಕೂಲಿ. ಸರಿ. ಪದ ಕಟ್ಟಿದ ಕೂಲಿ ಎಲ್ಲಿ? ಎಮ್ಮೆ ಕಾಯುತ್ತ, ಕಬ್ಬು ಕಡಿಯುತ್ತ, ತಿಂಗಳುಗಟ್ಟಲೆ ಬಾಯಲ್ಲಿ ತಿರುವಿ ತಿರುವಿ ಕೂಡಿಸಿದ ನುಡಿಗಳ ಬೆಲೆ ಎಲ್ಲಿ? ಯಾರ ಲೆಕ್ಕದ ವಹಿಯಲ್ಲೂ ಅದಕ್ಕೊಂದು ಸಾಲಿಲ್ಲ. ಗಂಟಲಿಗೆ ಕೂಲಿ ಕೊಡುವ ಸಮಾಜ ತಲೆಗೆ ಕೊಡೋದಿಲ್ಲ. ಕೇರಿಯವನಿಗೆ ತಲೆ ಇದೆ ಅಂತ ಒಪ್ಪಿಕೊಂಡರಲ್ಲವೇ ಕೊಡೋದು!

ಯಾಕೆ ಹೀಗೆ? ಇದರ ಬೇರು ಬಿಟ್ಟಿಯಲ್ಲಿದೆ. ಹಲಗಿ ಬಡಿಯೋದು, ಸನಾದಿ ಊದೋದು, ಹೆಣದ ಮುಂದೆ ಹಾಡೋದು ಇವೆಲ್ಲ ಊರ ಚಾಕರಿ ಅಂತ ಬರೆದಿಟ್ಟರು. ಚಾಕರಿಗೆ ಕೊಟ್ಟದ್ದು ಸಂಬಳ ಅಲ್ಲ, ಕಣದ ಮೂಲೆಯ ಕಾಳು. 1928ರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಮುಂಬೈ ಶಾಸನಸಭೆಯಲ್ಲಿ ಮಹಾರ ವತನದ ಮಸೂದೆ ತಂದಾಗ ಅವರ ಜಗಳ ಇದರ ಮೇಲೇ ಇತ್ತು. ಊರವರ ಮರ್ಜಿಯ ಕಾಳು ಬೇಡ, ಕೆಲಸಕ್ಕೆ ಗೊತ್ತಾದ ನಗದು ಬೇಕು. ಅದಕ್ಕೆ ಮೂರು ವರ್ಷ ಮೊದಲು, 1925ರ ಏಪ್ರಿಲ್‌ನಲ್ಲಿ, ಅವರು ನಮ್ಮ ನಿಪ್ಪಾಣಿಗೇ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿ ಹೋಗಿದ್ದರು. 1961ರಲ್ಲಿ ನಮ್ಮ ರಾಜ್ಯ ಕಾಯ್ದೆ ಮಾಡಿ ಗ್ರಾಮದ ವತನ ತೆಗೆಯಿತು. 1976ರಲ್ಲಿ ದೇಶದ ಕಾಯ್ದೆ ಜೀತ ತೆಗೆಯಿತು. ಕಾಗದದ ಮೇಲೆ ವತನ ಹೋಯಿತು, ಜೀತ ಹೋಯಿತು. ಹಾಡಿನ ಬಿಟ್ಟಿ ಹೋಗಲಿಲ್ಲ. "ಒಂದು ಪದಾ ಹಾಡೋ" ಅನ್ನೋ ಆ ಏಕವಚನ ಇದೆಯಲ್ಲ, ಅದು ಹಳೇ ವತನದ ದನಿ.

ಬಿಟ್ಟಿಯ ಇನ್ನೊಂದು ಮುಖ ಚೌಡಕಿ. ಎಲ್ಲಮ್ಮನ ಜಗ ಹೊತ್ತು, ಚೌಡಕಿ ನುಡಿಸುತ್ತ ಮನೆಮನೆ ತಿರುಗೋ ಜೋಗತಿಗೆ ಎಷ್ಟು ಪದ ಬಾಯಲ್ಲಿದ್ದವು ಅಂತ ಸಂಶೋಧಕರು ಬೆರಗಾಗಿ ಬರೀತಾರೆ. ಅವಳು ಹಾಡಿದ್ದಕ್ಕೆ ಕೊಟ್ಟದ್ದಕ್ಕೆ ಏನಂತಾರೆ? ಜೋಗ. ಭಿಕ್ಷೆ! ಹಾಡುಗಾರ್ತಿಯ ಕೂಲಿಗೆ ಭಿಕ್ಷೆ ಅಂತ ಹೆಸರಿಟ್ಟ ಧರ್ಮ ಅವಳ ಮೈಗೆ ಮಾತ್ರ ಬೆಲೆ ಕಟ್ಟಿತು. ಮುಂಬೈ ಪ್ರಾಂತದಲ್ಲಿ 1934ರಲ್ಲೇ ದೇವದಾಸಿ ಕಾಯ್ದೆ ಬಂತು, ಕರ್ನಾಟಕದಲ್ಲಿ 1982ರಲ್ಲಿ ಬಂತು. ಮುತ್ತು ಕಟ್ಟೋದನ್ನು ಕಾಯ್ದೆ ಅಪರಾಧ ಅಂದಿತು, ಒಳ್ಳೇದಾಯಿತು. ಚೌಡಕಿ ಪದದ ಸೊಗಸಿಗೆ ಮರುಳಾಗಿ "ಅಯ್ಯೋ, ಆ ಪರಂಪರೆ ಹೋಯಿತಲ್ಲ" ಅಂತ ಕಣ್ಣೀರಿಡೋ ಕಲಾಪ್ರೇಮಿಗಳಿಗೆ ಒಂದು ಮಾತು: ನಿಮ್ಮ ಮಗಳ ಕೊರಳಿಗೆ ಮುತ್ತು ಕಟ್ಟಿಸಿ, ಆಮೇಲೆ ಪರಂಪರೆಯ ಬಗ್ಗೆ ಮಾತಾಡೋಣ. ಪದ ಉಳಿಯಲಿ, ಮುತ್ತು ಹೋಗಲಿ. ಪದ ಉಳೀಬೇಕಾದರೆ ಜೋಗ ಅನ್ನೋದು ಹೋಗಿ ಕೂಲಿ ಅನ್ನೋದು ಬರಬೇಕು. ಜೋಗತಿ ಮಂಜಮ್ಮನವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹೆಮ್ಮೆಯ ಮಾತು. ಆದರೆ ಒಬ್ಬರಿಗೆ ಪದಕ ಕೊಟ್ಟು ಸಾವಿರ ಮಂದಿಯ ಬಾಕಿ ತೀರಿತು ಅಂತ ಯಾರೂ ರಶೀದಿ ಬರಕೊಳ್ಳಬೇಡಿ.

ಗಡಿಯಾಚೆಗೂ ಒಮ್ಮೆ ನೋಡೋಣ. ಕಾಗವಾಡ ದಾಟಿದರೆ ಸಾಂಗಲಿ ಜಿಲ್ಲೆ. ಆ ಜಿಲ್ಲೆಯ ವಾಳವಾ ತಾಲೂಕಿನ ವಾಟೇಗಾವದಲ್ಲಿ 1920ರ ಆಗಸ್ಟ್ 1ರಂದು ಮಾಂಗ ಕೇರಿಯಲ್ಲಿ ಹುಟ್ಟಿದವರು ಅಣ್ಣಾಭಾವು ಸಾಠೆ. ಶಾಲೆಯ ಮುಖ ಸರಿಯಾಗಿ ಕಾಣಲಿಲ್ಲ. ಹೊಟ್ಟೆಗಾಗಿ ಮನೆಮಂದಿಯ ಜೊತೆ ಊರಿಂದ ಮುಂಬೈಗೆ ನಡೆದೇ ಹೋದರು. ಹಮಾಲಿ ಮಾಡಿದರು, ಗಿರಣಿಯಲ್ಲಿ ದುಡಿದರು, ತಮಾಷಾದಲ್ಲಿ ಕುಣಿದರು. 1944ರಲ್ಲಿ ಅಮರ ಶೇಖ್, ಗವಾಣಕರ್ ಜೊತೆ ಲಾಲ್ ಬಾವಟಾ ಕಲಾಪಥಕ ಕಟ್ಟಿ ಊರೂರು ತಿರುಗಿದರು. ಅವರ ಹಾಡಿಗೆ ಹೆದರಿ ಸ್ವತಂತ್ರ ಭಾರತದ ಮುಂಬೈ ಸರ್ಕಾರ ಆ ಮೇಳವನ್ನು ನಿಷೇಧಿಸಿತು. ಹಾಡುಗಾರ ಮುಗ್ಧ ಜನಪದ ಆಗಿದ್ದರೆ ಸರ್ಕಾರ ಯಾಕೆ ಹೆದರಬೇಕಿತ್ತು? 1969ರ ಜುಲೈ 18ರಂದು ಅಣ್ಣಾಭಾವು ಬಡತನದಲ್ಲೇ ಸತ್ತರು. 2002ರಲ್ಲಿ ಭಾರತ ಸರ್ಕಾರ ಅವರ ಮುಖ ಇರುವ 4 ರೂಪಾಯಿಯ ಅಂಚೆಚೀಟಿ ತಂದಿತು. 2022ರಲ್ಲಿ ಮಾಸ್ಕೋದಲ್ಲಿ ಪ್ರತಿಮೆ ಎದ್ದಿತು. ಬದುಕಿದ್ದಾಗ ಬಾಡಿಗೆ ಕಟ್ಟಲು ಒದ್ದಾಡಿದವನಿಗೆ ಸತ್ತ ಮೇಲೆ ಕಲ್ಲಿನ ಮನೆ.

ಅವರ ಹೆಸರಾದ ಲಾವಣಿಯೊಂದರಲ್ಲಿ ಮುಂಬೈಯಲ್ಲಿ ದುಡಿಯೋ ಕೂಲಿಯವನು ಊರಲ್ಲಿ ಬಿಟ್ಟುಬಂದ ಹೆಂಡತಿಗಾಗಿ ಹಲುಬುತ್ತಾನೆ. ಅದೇ ಹಲುಬಿನಲ್ಲಿ ಬೆಳಗಾವಿ, ಕಾರವಾರ ತಮಗೆ ಸಿಗಲಿಲ್ಲ ಎಂಬ ಸಂಯುಕ್ತ ಮಹಾರಾಷ್ಟ್ರದ ನೋವೂ ಇದೆ. ಕನ್ನಡಿಗರಾದ ನಾವು ಆ ಗಡಿವಾದ ಒಪ್ಪಬೇಕಾಗಿಲ್ಲ. ಬೆಳಗಾವಿ ಕರ್ನಾಟಕದ್ದೇ. ಆದರೆ ಊರು ಬಿಟ್ಟ ಕೂಲಿಯವನ ಸಂಕಟಕ್ಕೆ ಯಾವ ಮಹಾಜನ ಆಯೋಗ ಗೆರೆ ಎಳೆದೀತು? ಶೇಡಬಾಳದ ಕೇರಿಯಿಂದ ಇಚಲಕರಂಜಿಯ ಮಗ್ಗಕ್ಕೆ, ಪುಣೆಯ ಗಾರೆ ಕೆಲಸಕ್ಕೆ ಹೋದವನ ಹೆಂಡತಿ ಅಳೋದು ಕನ್ನಡದಲ್ಲಿ, ಅಷ್ಟೇ ವ್ಯತ್ಯಾಸ. ಗಡಿ ಕಾಯೋ ಎರಡೂ ಕಡೆಯ ಧುರೀಣರು ಹಾಡುಗಾರನನ್ನು ಕರೆಸೋದು ರಾಜ್ಯೋತ್ಸವಕ್ಕೋ ಕರಾಳ ದಿನಕ್ಕೋ. ಹಾಡಿಸಿಕೊಂಡು ಕಳಿಸ್ತಾರೆ. ಅವನ ಕೇರಿಯ ನಳದಲ್ಲಿ ನೀರು ಬರ್ತದೋ ಇಲ್ಲವೋ, ಕೇಳೋರು ಇತ್ತಲೂ ಇಲ್ಲ, ಅತ್ತಲೂ ಇಲ್ಲ.

ಇನ್ನೊಬ್ಬರು ವಾಮನದಾದಾ ಕರ್ಡಕ್. 1922ರಲ್ಲಿ ನಾಸಿಕ ಜಿಲ್ಲೆಯ ದೇಶವಂಡಿಯಲ್ಲಿ ಹುಟ್ಟಿ 2004ರಲ್ಲಿ ತೀರಿಕೊಂಡರು. ದೊಡ್ಡವರಾದ ಮೇಲೆ ಅಕ್ಷರ ಕಲಿತರು. ಆಮೇಲೆ ಸಾವಿರಾರು ಹಾಡು ಕಟ್ಟಿ, ಬದುಕಿಡೀ ಕೇರಿಯಿಂದ ಕೇರಿಗೆ ತಿರುಗಿ ಬಾಬಾಸಾಹೇಬರ ಮಾತನ್ನು ಓದಲು ಬಾರದವರ ಕಿವಿಗೆ ಹಾಕಿದರು. 'ಮೂಕನಾಯಕ' ಪತ್ರಿಕೆ 1920ರಲ್ಲೇ ಹೊರಟಿತ್ತು, ನಿಜ. ಆದರೆ ಪತ್ರಿಕೆ ಓದೋಕೆ ಅಕ್ಷರ ಬೇಕಿತ್ತು. ಅಕ್ಷರ ಕೊಡದೇ ಇಟ್ಟವರ ಕೋಟೆಯನ್ನು ಒಳಗಿಂದ ಒಡೆದದ್ದು 1930ರ ದಶಕದಿಂದ ಹೊರಟ ಜಲಸಾ ಮೇಳಗಳು. ಇವರಿಗೆ ಮ್ಯಾನೇಜರ್ ಇರಲಿಲ್ಲ, ಕಂಪನಿ ಇರಲಿಲ್ಲ. ಇಂಥವರನ್ನು ಇವತ್ತಿನ ಪೇಟೆಯ ಮಾತಲ್ಲಿ ಸ್ವತಂತ್ರ ಕಲಾವಿದ ಅಂತಾರೆ. ಸ್ವತಂತ್ರ ಅಂದರೆ ಏನು? ಬಿದ್ದರೆ ಎತ್ತೋರಿಲ್ಲ, ಬೇನೆ ಬಿದ್ದರೆ ಔಷಧಕ್ಕಿಲ್ಲ, ಸತ್ತರೆ ಹೊರೋಕೆ ಕೇರಿಯವರೇ. ಯಾರಿಗೂ ಹೊಣೆ ಇಲ್ಲದಿರೋದಕ್ಕೆ ಸ್ವಾತಂತ್ರ್ಯ ಅಂತ ಹೆಸರಿಟ್ಟ ಜಾಣರಿಗೆ ನಮಸ್ಕಾರ.

ಕಾಲ ಬದಲಾಗಿಲ್ಲ ಅಂತ ನಾನು ಹೇಳೋದಿಲ್ಲ. ನಮ್ಮ ರಾಯಬಾಗ ತಾಲೂಕಿನ ನಿಪನಾಳದ ಮಾಳು ತಾನೇ ಪದ ಬರೆದು, ತಾನೇ ಹಾಡಿ, ಮೊಬೈಲಿನಲ್ಲಿ ಬಿಟ್ಟ 'ನಾ ಡ್ರೈವರ' ಹಾಡನ್ನು ಕೋಟಿಗಟ್ಟಲೆ ಸಲ ಕೇಳಿದರು. 2025ರಲ್ಲಿ ಅವರು ಬಿಗ್ ಬಾಸ್ ಮನೆಗೂ ಹೋದರು. ಆ ಹಾಡಿನಲ್ಲಿ ಕ್ರಾಂತಿ ಇಲ್ಲ ಅಂತ ಮೂಗು ಮುರಿಯೋ ವಿಚಾರವಾದಿಗಳಿದ್ದಾರೆ. ಇರಲಿ. ನನಗೆ ಅದರಲ್ಲಿ ಕಾಣೋದು ಬೇರೆ: ಬೆಂಗಳೂರಿನ ಯಾವ ಬಾಗಿಲನ್ನೂ ತಟ್ಟದೆ, ನಮ್ಮ ಆಡುಮಾತನ್ನು ತಿದ್ದಿಸಿಕೊಳ್ಳದೆ, ಊರ ಹೆಸರು ತನ್ನ ಹೆಸರಿಗೆ ಅಂಟಿಸಿಕೊಂಡೇ ಒಬ್ಬ ಪದಗಾರ ನಾಡಿನ ಮುಂದೆ ನಿಂತ. ಹುಲಕುಂದದ ಕವಿ ಮಾಡಿದ್ದೂ ಅದೇ. ಕಡೇ ನುಡಿಯ ಅಂಕಿತ ಈಗ ಪರದೆಯ ಮೇಲೆ ಬಂದು ಕೂತಿದೆ.

ಆದರೆ ಒಬ್ಬ ಗೆದ್ದರೆ ನೂರು ಮಂದಿ ಮೋಸ ಹೋಗ್ತಾರೆ. ಹಳ್ಳಿಯ ಹುಡುಗ ಪದ ಕಟ್ಟಿ ಸ್ಟುಡಿಯೋಕ್ಕೆ ಹೋಗ್ತಾನೆ. "ರಿಕಾರ್ಡಿಂಗ್ ಫ್ರೀ, ಹಾಡು ನಮ್ಮ ಚಾನಲ್ಲಿಗೆ" ಅಂತಾರೆ. ಕೈಗೊಂದು ಐನೂರರ ನೋಟು, ಕೊರಳಿಗೊಂದು ಶಾಲು. ಹಾಡು ಓಡಿತು ಅಂದರೆ ದುಡ್ಡು ಚಾನಲ್ಲಿನವನಿಗೆ. ಹುಡುಗ ತನ್ನದೇ ಹಾಡನ್ನು ತನ್ನ ಮೊಬೈಲಿನಲ್ಲಿ ಹಾಕಿದರೆ "ಇದು ನಿನ್ನದಲ್ಲ" ಅಂತ ನೋಟೀಸು. ಅದನ್ನೂ ಮೀರಿದವರು ಇದ್ದಾರೆ, ಇನ್ನೊಬ್ಬರ ಪದ ಎತ್ತಿ ಸಿನೆಮಾಕ್ಕೆ ಹಾಕಿ "ಜನಪದ" ಅಂತ ಬರೆದುಬಿಡ್ತಾರೆ. ಜನಪದ ಅಂದರೆ ಒಡೆಯನಿಲ್ಲ. ಒಡೆಯನಿಲ್ಲ ಅಂದರೆ ಕಾಸು ಕೊಡೋ ಹಾಗಿಲ್ಲ. ಪಂಡಿತರು ಪ್ರೀತಿಯಿಂದ ಕೊಟ್ಟ ಹೆಸರು ವ್ಯಾಪಾರಿಗೆ ಹೇಗೆ ಅನುಕೂಲ ಆಯಿತು ನೋಡಿ!

ಅದಕ್ಕೇ ಹೇಳೋದು, ಕಾಯ್ದೆ ತಿಳಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆ ಮೇಲುಜಾತಿಯ ಕವಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ. ಪದ ಕಟ್ಟಿದವನಿಗೆ ಬದುಕಿರೋ ತನಕ ಹಕ್ಕು, ಸತ್ತ ಮೇಲೆ 60 ವರ್ಷ ಅವನ ವಾರಸದಾರರಿಗೆ. ಆ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ಬರೆದುಕೊಡಬೇಕಾದರೆ ಕಾಗದ ಬೇಕು, ಸಹಿ ಬೇಕು. "ಅವತ್ತ ಬಾಯಿಲೆ ಹೇಳಿದ್ದಲ್ಲೋ" ಅನ್ನೋದು ನಡೆಯೋದಿಲ್ಲ. ಕರಾರಿನಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ, ಅಷ್ಟೇ. 57ನೇ ಕಲಂ ಇನ್ನೂ ದೊಡ್ಡದು: ಹಕ್ಕು ಮಾರಿದ ಮೇಲೂ "ಇದು ನಾನು ಕಟ್ಟಿದ್ದು" ಅಂತ ಹೇಳಿಕೊಳ್ಳೋ ಹಕ್ಕು ಕಟ್ಟಿದವನಲ್ಲೇ ಉಳೀತದೆ. 2012ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ, ಪದ ಬರೆದವರ ಮತ್ತು ರಾಗ ಹಾಕಿದವರ ರಾಯಲ್ಟಿಯ ಪಾಲನ್ನು ನಿರ್ಮಾಪಕ ಬರೆಸಿಕೊಂಡು ಬಿಡುವ ಹಾಗಿಲ್ಲ ಅಂತ ಆಯಿತು. ಹಾಡಿದವರ ಹಕ್ಕಿಗೂ ಬಲ ಬಂತು. ಕಾಯ್ದೆ ಇದೆ, ಕೇಳೋ ಬಾಯಿ ಬೇಕು. ಹಾಡೋ ಬಾಯಿ ಕೇಳೋಕೆ ಯಾಕೆ ಅಂಜಬೇಕು?

ಇನ್ನು ನಮ್ಮ ಸಂಘಟನೆಗಳ ಮುಖಂಡರೇ, ನಿಮಗೂ ಒಂದು ಮಾತು. ಸಿಟ್ಟಾಗಬೇಡಿ, ಆದರೂ ಪರವಾಗಿಲ್ಲ. ಸಭೆ ಹತ್ತಕ್ಕೆ ಅಂತ ಕರಪತ್ರ ಹಾಕ್ತೀರಿ. ಮುಖ್ಯ ಭಾಷಣಕಾರರ ಕಾರು ಒಂದಕ್ಕೆ ಬರ್ತದೆ. ಆ ಮೂರು ತಾಸು ಜನ ಎದ್ದು ಹೋಗದ ಹಾಗೆ ಹಿಡಿದಿಟ್ಟವರು ಯಾರು? ಬಿಸಿಲಿನಲ್ಲಿ ನಿಂತು ಹಲಗಿ ಬಡಿದು ಹಾಡಿದ ಹುಡುಗರು. ಭಾಷಣಕಾರರು ಬಂದ ಕೂಡಲೇ "ಸಾಕ್ ಸಾಕ್, ಇಳೀರೋ" ಅಂತೀರಿ. ಕರಪತ್ರದಲ್ಲಿ ಭಾಷಣಕಾರರಿಗೆಲ್ಲ ಹೆಸರು, ಬಿರುದು, ಹಾಡುಗಾರರಿಗೆ "ಮತ್ತು ಸಂಗಡಿಗರಿಂದ ಕ್ರಾಂತಿಗೀತೆಗಳು." ಭಾಷಣಕಾರರಿಗೆ ಕಾರು, ಹಾಡುಗಾರರಿಗೆ ಬಸ್ ಚಾರ್ಜೂ ಇಲ್ಲ. ಕೇಳಿದರೆ "ಚಳವಳಿಗೆ ಕೂಲಿ ಕೇಳ್ತೀಯೇನೋ" ಅನ್ನೋ ದೊಡ್ಡ ಮಾತು. ಗೌಡನ ಬಾಯಿಂದ ಬಂದರೆ ಬಿಟ್ಟಿ, ನಮ್ಮ ಬಾಯಿಂದ ಬಂದರೆ ತ್ಯಾಗ. ಎರಡಕ್ಕೂ ವ್ಯತ್ಯಾಸ ಹೊಟ್ಟೆಗೆ ಗೊತ್ತಾಗೋದಿಲ್ಲ.

ಆದ್ದರಿಂದ ಬೇಡಿಕೆ ದೊಡ್ಡದೇನಲ್ಲ. ವೇದಿಕೆಯ ಮೇಲೆ ಪದ ಶುರುವಾಗೋ ಮೊದಲು ಕಟ್ಟಿದವರ ಹೆಸರು ಹೇಳಬೇಕು. ಕೂಲಿ ಎಷ್ಟು ಅನ್ನೋದು ಕಾಗದದ ಮೇಲೆ ಇರಬೇಕು, ಅರ್ಧ ಮೊದಲೇ ಕೈಗೆ ಬರಬೇಕು. ಹಾಡಿಗೆ ಚಪ್ಪಾಳೆ ತಟ್ಟಿದ ಕೈ ಆಮೇಲೆ ಅದೇ ಹಾಡುಗಾರನಿಗೆ ನೀರನ್ನು ಮೇಲಿಂದ ಎತ್ತಿ ಹೊಯ್ದರೆ, ಆ ಊರಿಗೆ ಮುಂದಿನ ವರ್ಷ ಯಾವ ಮೇಳವೂ ಹೋಗಬಾರದು. ಹೆಣ್ಣುಮಕ್ಕಳ ಮೇಳಕ್ಕೆ ಬಾಗಿಲು, ಚಿಲಕ ಇರೋ ಖೋಲಿ ಕೊಡಬೇಕು. ಗುಡಿಯ ಕಟ್ಟೆ, ಶಾಲೆಯ ಪಡಸಾಲೆ ತೋರಿಸಿ ಕೈ ತೊಳಕೊಳ್ಳಬಾರದು. ಪುಸ್ತಕ ಮಾಡೋ ಪಂಡಿತರು ಹಾಡಿದವರ ಹೆಸರನ್ನು ರಟ್ಟಿನ ಮೇಲೆ ಹಾಕಬೇಕು. ಆಮೇಲೆ ಜಾಗ ಉಳಿದರೆ ತಮ್ಮದು ಹಾಕಿಕೊಳ್ಳಲಿ.

ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ಈ ರೈಲುದಾರಿಯ ಉದ್ದಕ್ಕೂ ಕೇರಿಗಳಲ್ಲಿ ಇವತ್ತೂ ಪದ ಕಟ್ಟೋ ಅಕ್ಕಂದಿರೇ, ತಮ್ಮಂದಿರೇ, ನೀವು ಯಾರ ಹಂಗಿನ ಜನಪದರೂ ಅಲ್ಲ. ನೀವು ಕವಿಗಳು. ಪದ ಎಷ್ಟು ಉದ್ದ ಆದರೂ, ಕಮಿಟಿಯವರು ಎಷ್ಟು ಅವಸರ ಮಾಡಿದರೂ, ಮೈಕಿನವನು ವೈರು ಕಿತ್ತರೂ ಕಡೇ ನುಡಿ ಬಿಟ್ಟು ಇಳೀಬೇಡಿ. ನಿಮ್ಮ ಊರು, ನಿಮ್ಮ ಹೆಸರು ಹೇಳಿಯೇ ಇಳೀರಿ. ಅದನ್ನು ಅಳಿಸೋ ಕೈ ಯಾವುದು ಅಂತ ಆಗ ನಾಡಿಗೆ ಕಾಣ್ತದೆ.